ಕಹಿ ಜಾಸ್ತಿ ಇದ್ದರೆ ಬಿಯರ್ ಸ್ಟ್ರಾಂಗ್ ಎಂದರ್ಥವೇ? ಕಿಡ್ನಿ ಕಲ್ಲು ಕರಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ಬೇಸಿಗೆ ಬಂತೆಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ಬಿಯರ್ ಬಗ್ಗೆ ಫಾರ್ವರ್ಡುಗಳೂ ಬಿಸಿಯಾಗುತ್ತವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಇವಕ್ಕೆ ಇನ್ನೂ ಒಂದು ಕಾರಣವಿದೆ. ಇಲ್ಲಿ ನೆಲದಡಿ ಸುಣ್ಣದ ಕಲ್ಲು, ಮೇಲೆ ಬೆಂಕಿಯಂಥ ಬಿಸಿಲು. "ನಮ್ಮ ನೀರು ಗಡಸು, ಅದಕ್ಕೇ ಕಿಡ್ನಿಯಲ್ಲಿ ಕಲ್ಲು ಆಗುತ್ತದೆ, ಬಿಯರ್ ಕುಡಿದರೆ ಹೋಗುತ್ತದೆ" ಎನ್ನುವ ಮಾತು ಇಲ್ಲಿ ಸುಲಭವಾಗಿ ನಂಬಿಕೆಯಾಗುತ್ತದೆ.

ಇತ್ತೀಚೆಗೆ ಇದಕ್ಕೆ ಹೊಸ ಬಾಲ ಸೇರಿಕೊಂಡಿದೆ. ಬೆಂಗಳೂರು, ಹೈದರಾಬಾದ್‌ಗೆ ಕೆಲಸಕ್ಕೆ ಹೋದ ಹುಡುಗರು ಅಲ್ಲಿ ಕ್ರಾಫ್ಟ್ ಬಿಯರ್ ರುಚಿ ನೋಡಿ ಬರುತ್ತಾರೆ. ಅದರಲ್ಲೂ ಐಪಿಎ ಎಂಬ ಹೆಸರಿನ, ಹಾಗಲಕಾಯಿ ನೆನಪಿಸುವಷ್ಟು ಕಹಿಯಾದ ಬಿಯರ್. "ಇಷ್ಟು ಕಹಿ ಇದೆ ಅಂದ್ಮೇಲೆ ಇದು ಭಾರೀ ಸ್ಟ್ರಾಂಗ್ ಇರಬೇಕು, ಭಾರೀ ಔಷಧಿಯೂ ಇರಬೇಕು" ಎನ್ನುವುದು ಸಾಮಾನ್ಯ ಲೆಕ್ಕ.

ಈ ಲೆಕ್ಕ ಎಷ್ಟು ಸರಿ? ಒಂದೊಂದಾಗಿ ನೋಡೋಣ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಇದು ಬಿಯರ್ ಕುಡಿಯಿರಿ ಎಂದು ಹೇಳುವ ಲೇಖನವಲ್ಲ. ಕುಡಿಯದವರು ಆರೋಗ್ಯಕ್ಕಾಗಿ ಶುರು ಮಾಡಬೇಕಾದ ಪಾನೀಯ ಇದಲ್ಲ. ಆದರೆ ಕುಡಿಯುವವರಿಗೂ, ಅವರ ಮನೆಯವರಿಗೂ ಬಾಟಲಿಯೊಳಗೆ ಏನಿದೆ ಎನ್ನುವುದು ಗೊತ್ತಿರಬೇಕು.

ಬಿಯರಿಗೆ ಕಹಿ ಬರುವುದು ಎಲ್ಲಿಂದ?

ಬಿಯರಿಗೆ ಬೇಕಾಗುವುದು ನಾಲ್ಕೇ ವಸ್ತು: ನೀರು, ಬಾರ್ಲಿ ಅಂದರೆ ಜವೆಗೋಧಿ, ಯೀಸ್ಟ್ ಮತ್ತು ಹಾಪ್ಸ್. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ನಮ್ಮಲ್ಲಿ ಮಗುವಿಗೆ ರಾಗಿ ಮೊಳಕೆ ಬರಿಸಿ ಹಿಟ್ಟು ಮಾಡುತ್ತೇವಲ್ಲ, ಅದೇ ವಿಧಾನ. ಮೊಳಕೆಯೊಡೆದ ಕಾಳಿನ ಪಿಷ್ಟ ಬಿಸಿನೀರಿನಲ್ಲಿ ಸಕ್ಕರೆಯಾಗುತ್ತದೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ.

ಕಹಿ ಬರುವುದು ಹಾಪ್ಸ್‌ನಿಂದ. ಇದು ತಂಪು ಪ್ರದೇಶದಲ್ಲಿ ಬೆಳೆಯುವ ಒಂದು ಬಳ್ಳಿಯ ಹೂ. ಭಾರತದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಇದನ್ನು ಬೆಳೆದಿದ್ದಾರೆ. ಸಸ್ಯಶಾಸ್ತ್ರದ ಪ್ರಕಾರ ಇದು ಗಾಂಜಾ ಗಿಡದ ಕುಟುಂಬಕ್ಕೆ ಸೇರಿದ್ದು. ಹಾಗೆಂದು "ಬಿಯರಿನಲ್ಲಿ ಗಾಂಜಾ ಹಾಕುತ್ತಾರೆ" ಎಂದು ಫಾರ್ವರ್ಡ್ ಮಾಡಬೇಡಿ. ಗಾಂಜಾದಲ್ಲಿ ನಶೆ ತರುವ ಅಂಶ ಹಾಪ್ಸ್‌ನಲ್ಲಿ ಇಲ್ಲ. ಬದನೆಕಾಯಿಯೂ ತಂಬಾಕೂ ಒಂದೇ ಕುಟುಂಬದವು, ಆದರೆ ಬದನೆಕಾಯಿ ಪಲ್ಯ ತಿಂದರೆ ತಂಬಾಕು ತಿಂದ ಹಾಗಾಗುವುದಿಲ್ಲ.

ಹಾಪ್ಸ್ ಹೂವಿನ ಎಸಳುಗಳ ಬುಡದಲ್ಲಿ ಹಳದಿ ಪುಡಿಯಂಥ ಗ್ರಂಥಿಗಳಿರುತ್ತವೆ. ಅದರಲ್ಲಿ ಎರಡು ಮುಖ್ಯ ವಸ್ತುಗಳು: ಆಲ್ಫಾ ಆಮ್ಲಗಳು ಮತ್ತು ಸುವಾಸನೆಯ ಎಣ್ಣೆಗಳು. ಆಲ್ಫಾ ಆಮ್ಲ ಹಾಗೇ ಇದ್ದರೆ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಒಂದು ಗಂಟೆಯಷ್ಟು ಕುದಿಸಿದಾಗ ಅದರ ರಚನೆ ಬದಲಾಗಿ ಐಸೋ-ಆಲ್ಫಾ ಆಮ್ಲವಾಗುತ್ತದೆ. ನಾಲಿಗೆಗೆ ತಾಗುವ ಕಹಿ ಇದೇ.

ಸುವಾಸನೆಯ ಎಣ್ಣೆಗಳದ್ದು ಉಲ್ಟಾ ಸ್ವಭಾವ. ಕುದಿಸಿದರೆ ಹಾರಿಹೋಗುತ್ತವೆ. ಅದಕ್ಕೇ ಕಹಿಗೆ ಬೇಕಾದ ಹಾಪ್ಸನ್ನು ಕುದಿಯ ಆರಂಭದಲ್ಲಿ, ಪರಿಮಳಕ್ಕೆ ಬೇಕಾದ್ದನ್ನು ಕೊನೆಯಲ್ಲಿ ಅಥವಾ ತಣ್ಣಗಾದ ಮೇಲೆ ಹಾಕುತ್ತಾರೆ. ಸಾರಿಗೆ ಕೊತ್ತಂಬರಿ ಸೊಪ್ಪನ್ನು ಒಲೆ ಆರಿಸುವ ಹೊತ್ತಿಗೆ ಹಾಕುವುದು ಯಾಕೆಂದು ನಿಮ್ಮ ಅಮ್ಮನಿಗೆ ಗೊತ್ತು. ಕಾರಣ ಅದೇ.

ಈ ಎಣ್ಣೆಗಳಲ್ಲಿ ಮಿರ್ಸೀನ್ ಎಂಬುದು ಮಾವಿನಲ್ಲೂ ಇದೆ, ಲಿನಲೂಲ್ ಎಂಬುದು ಕೊತ್ತಂಬರಿ ಬೀಜದಲ್ಲೂ ಇದೆ. ಹಾಪ್ಸ್ ಹೆಚ್ಚಿರುವ ಬಿಯರ್ ಕುಡಿದವರು "ಮಾವಿನಹಣ್ಣಿನ ವಾಸನೆ ಬಂತು, ಕಿತ್ತಳೆ ಸಿಪ್ಪೆ ವಾಸನೆ ಬಂತು" ಎಂದರೆ ಅದು ಬರೀ ಬಣ್ಣದ ಮಾತಲ್ಲ. ಹಣ್ಣು ಹಾಕದೆಯೂ ಅದೇ ರಾಸಾಯನಿಕಗಳು ಅಲ್ಲಿರುತ್ತವೆ.

ಫಾರ್ವರ್ಡ್ 1: "ಕಹಿ ಇದ್ದಷ್ಟೂ ಕಿಕ್ ಜಾಸ್ತಿ"

ಇದು ಸುಳ್ಳು.

ಕಹಿ ಬರುವುದು ಹಾಪ್ಸ್‌ನಿಂದ. ಆಲ್ಕೋಹಾಲ್ ಬರುವುದು ಸಕ್ಕರೆಯಿಂದ. ಎರಡಕ್ಕೂ ನೇರ ಸಂಬಂಧವಿಲ್ಲ. ಕಹಿಯನ್ನು ಐಬಿಯು ಎಂಬ ಅಳತೆಯಲ್ಲಿ ಹೇಳುತ್ತಾರೆ. ಸ್ಥೂಲವಾಗಿ, ಒಂದು ಲೀಟರ್ ಬಿಯರಿನಲ್ಲಿ ಒಂದು ಮಿಲಿಗ್ರಾಂ ಐಸೋ-ಆಲ್ಫಾ ಆಮ್ಲ ಇದ್ದರೆ ಒಂದು ಐಬಿಯು. ಸಾಧಾರಣ ಲಾಗರಿನಲ್ಲಿ ಇದು ಹತ್ತರಿಂದ ಇಪ್ಪತ್ತರ ಒಳಗಿರುತ್ತದೆ, ಐಪಿಎಯಲ್ಲಿ 40ರಿಂದ 70ರವರೆಗೆ ಹೋಗುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರನ್ನೂ ಕಹಿ ಮಾಡಬಹುದು.

ನಮ್ಮ ವೈನ್‌ಶಾಪುಗಳಲ್ಲಿ ಹೆಚ್ಚು ಮಾರಾಟವಾಗುವ ಸ್ಟ್ರಾಂಗ್ ಬಿಯರಿನ ಕಥೆ ಇದಕ್ಕೆ ವಿರುದ್ಧ. ಅದರಲ್ಲಿ ಮಾಲ್ಟ್ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರಿಸಿ ಆಲ್ಕೋಹಾಲ್ ಏರಿಸಿರುತ್ತಾರೆ, ಹಾಪ್ಸ್ ಕಡಿಮೆ ಹಾಕಿರುತ್ತಾರೆ. ಹೀಗಾಗಿ ಕಹಿ ಹೆಚ್ಚೇನೂ ಗೊತ್ತಾಗುವುದಿಲ್ಲ. ಫ್ರಿಜ್‌ನಲ್ಲಿ ಐಸಿನಂತೆ ತಣ್ಣಗೆ ಮಾಡಿದರೆ ಇನ್ನೂ ಗೊತ್ತಾಗುವುದಿಲ್ಲ. ಸರಾಗವಾಗಿ ಇಳಿಯುತ್ತದೆ. ಅಪಾಯ ಇರುವುದು ಇಲ್ಲೇ.

ಲೆಕ್ಕ ಹಾಕೋಣ. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಶೇ. 5ರವರೆಗೆ ಆಲ್ಕೋಹಾಲ್ ಇದ್ದರೆ ಮೈಲ್ಡ್, ಅದಕ್ಕಿಂತ ಮೇಲೆ ಶೇ. 8ರವರೆಗೆ ಸ್ಟ್ರಾಂಗ್. ಒಂದು ಮಿ.ಲೀ. ಆಲ್ಕೋಹಾಲಿನ ತೂಕ ಸುಮಾರು 0.79 ಗ್ರಾಂ.

650 ಮಿ.ಲೀ. ಸ್ಟ್ರಾಂಗ್ ಬಾಟಲಿ, ಶೇ. 8: ಸುಮಾರು 41 ಗ್ರಾಂ ಆಲ್ಕೋಹಾಲ್.
500 ಮಿ.ಲೀ. ಸ್ಟ್ರಾಂಗ್ ಕ್ಯಾನ್, ಶೇ. 8: ಸುಮಾರು 32 ಗ್ರಾಂ.
650 ಮಿ.ಲೀ. ಮೈಲ್ಡ್ ಬಾಟಲಿ, ಶೇ. 5: ಸುಮಾರು 26 ಗ್ರಾಂ.
330 ಮಿ.ಲೀ. ಕಹಿ ಐಪಿಎ, ಶೇ. 7: ಸುಮಾರು 18 ಗ್ರಾಂ.
90 ಮಿ.ಲೀ. ವಿಸ್ಕಿ, ಶೇ. 42.8: ಸುಮಾರು 30 ಗ್ರಾಂ.

ಅಂದರೆ ಕಹಿಯೇ ಗೊತ್ತಾಗದ ಒಂದು ದೊಡ್ಡ ಸ್ಟ್ರಾಂಗ್ ಬಾಟಲಿಯಲ್ಲಿ, ಮುಖ ಹಿಂಡುವಷ್ಟು ಕಹಿಯಾದ ಆ ಚಿಕ್ಕ ಐಪಿಎಗಿಂತ ಎರಡು ಪಟ್ಟಿಗೂ ಹೆಚ್ಚು ಆಲ್ಕೋಹಾಲ್ ಇದೆ. ಒಂದು ನೈಂಟಿ ವಿಸ್ಕಿ, ಅದರ ಮೇಲೆ ಇನ್ನೂ 30 ಮಿ.ಲೀ. ಕುಡಿದಷ್ಟು.

ಬಣ್ಣವನ್ನು ನೋಡಿ ಅಳೆಯುವವರೂ ಇದ್ದಾರೆ: "ಕಪ್ಪು ಬಿಯರ್ ಅಂದರೆ ಸ್ಟ್ರಾಂಗ್". ಅದೂ ತಪ್ಪು. ಕಪ್ಪು ಬಣ್ಣ ಬರುವುದು ಹೆಚ್ಚು ಹುರಿದ ಮಾಲ್ಟ್‌ನಿಂದ. ಗಿನ್ನೆಸ್ ಎಂಬ ಪ್ರಸಿದ್ಧ ಕಪ್ಪು ಬಿಯರಿನ ಡ್ರಾಫ್ಟ್ ವಿಧದಲ್ಲಿ ಆಲ್ಕೋಹಾಲ್ ಶೇ. 4.2 ಅಷ್ಟೇ.

ನಾಲಿಗೆ ಕಹಿ ಹೇಳುತ್ತದೆ, ಕಣ್ಣು ಬಣ್ಣ ಹೇಳುತ್ತದೆ. ಆಲ್ಕೋಹಾಲ್ ಎಷ್ಟು ಎಂದು ಹೇಳುವುದು ಲೇಬಲ್ ಮಾತ್ರ.

ಫಾರ್ವರ್ಡ್ 2: "ಬಿಯರ್ ತಾನೇ, ಗಾಡಿ ಓಡಿಸಬಹುದು"

ಇದು ಸುಳ್ಳು, ಜೀವಕ್ಕೆ ಎರವಾಗುವ ಸುಳ್ಳು.

ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಪ್ರಕಾರ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವಂತಿಲ್ಲ. 65 ಕೆ.ಜಿ. ತೂಕದ ಗಂಡಸು ಒಂದು ದೊಡ್ಡ ಸ್ಟ್ರಾಂಗ್ ಬಾಟಲಿಯನ್ನು ಖಾಲಿ ಹೊಟ್ಟೆಯಲ್ಲಿ ಬೇಗ ಮುಗಿಸಿದರೆ ಅಂದಾಜು 75ರಿಂದ 90 ಮಿಲಿಗ್ರಾಂ ತಲುಪಬಹುದು. ಮಿತಿಯ ಎರಡೂವರೆ ಪಟ್ಟು ಅಥವಾ ಹೆಚ್ಚು. ತೂಕ ಕಡಿಮೆ ಇದ್ದವರಲ್ಲಿ, ಹೆಂಗಸರಲ್ಲಿ ಇನ್ನೂ ಮೇಲೆ ಹೋಗುತ್ತದೆ.

ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಆಲ್ಕೋಹಾಲನ್ನು ಮಾತ್ರ ಕರಗಿಸುತ್ತದೆ. 41 ಗ್ರಾಂ ಪೂರ್ತಿ ಹೋಗಲು ನಾಲ್ಕರಿಂದ ಆರು ಗಂಟೆ ಬೇಕು. ಲಿಂಬೆಹಣ್ಣು, ಮಜ್ಜಿಗೆ, ಕಾಫಿ, ತಣ್ಣೀರು ಸ್ನಾನ, ಇವ್ಯಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ನಿದ್ದೆಯನ್ನು ಸ್ವಲ್ಪ ದೂರ ಮಾಡಬಹುದು, ರಕ್ತದಲ್ಲಿರುವುದು ಹಾಗೇ ಇರುತ್ತದೆ.

ರಾತ್ರಿ ಹೊತ್ತು ಸಿಮೆಂಟ್ ಮತ್ತು ಕಲ್ಲಿನ ಲಾರಿಗಳು ಓಡಾಡುವ ಸೇಡಂ, ಮಳಖೇಡ, ಚಿತ್ತಾಪುರ, ವಾಡಿ ರಸ್ತೆಗಳಲ್ಲಿ ಬೈಕ್ ಓಡಿಸುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಇದೆ. ಸಿಕ್ಕಿಬೀಳದೆ ಲಾರಿಯಡಿ ಬಿದ್ದರೆ ದಂಡ ಕಟ್ಟಲು ಆಳೇ ಇರುವುದಿಲ್ಲ.

ಫಾರ್ವರ್ಡ್ 3: "ಬಾಟಲಿ ತಲೆಕೆಳಗೆ ಹಿಡಿದರೆ ಗ್ಲಿಸರಿನ್ ಇಳಿದುಹೋಗುತ್ತದೆ"

ಈ ವಿಡಿಯೊ ಎಷ್ಟು ಹಳೆಯದೋ ಅಷ್ಟೇ ಗಟ್ಟಿಮುಟ್ಟು. ಬಾಟಲಿ ತೆರೆದು, ಬಾಯಿಯನ್ನು ನೀರಿನ ಲೋಟದಲ್ಲಿ ಅದ್ದಿ ತಲೆಕೆಳಗೆ ಹಿಡಿಯುತ್ತಾರೆ. ನೀರಿನೊಳಗೆ ಎಣ್ಣೆಯಂಥ ಎಳೆಗಳು ಇಳಿಯುತ್ತವೆ. "ನೋಡಿ, ಗ್ಲಿಸರಿನ್! ಇದೇ ನಿಮ್ಮ ತಲೆನೋವಿಗೆ ಕಾರಣ!"

ಇಲ್ಲಿ ಎರಡು ವಿಷಯ ಗಮನಿಸಿ. ಮೊದಲನೆಯದು, ಗ್ಲಿಸರಿನ್ ನೀರಿನಲ್ಲಿ ಪೂರ್ತಿ ಬೆರೆತುಹೋಗುವ ವಸ್ತು. ಚಹಾದಲ್ಲಿ ಕರಗಿದ ಸಕ್ಕರೆ ಲೋಟ ಬೋರಲು ಹಾಕಿದರೆ ಬೇರೆಯಾಗಿ ಬೀಳುವುದಿಲ್ಲವಷ್ಟೇ, ಹಾಗೆಯೇ ಇದೂ. ಎರಡನೆಯದು, ಯೀಸ್ಟ್ ಹುಳಿಯುವಾಗ ತಾನೇ ಒಂದಿಷ್ಟು ಗ್ಲಿಸರಿನ್ ಮಾಡುತ್ತದೆ, ಲೀಟರಿಗೆ ಒಂದೆರಡು ಗ್ರಾಂನಷ್ಟು. ಜಗತ್ತಿನ ಎಲ್ಲ ಬಿಯರ್, ವೈನ್‌ನಲ್ಲೂ ಅದು ಇರುತ್ತದೆ. ಆ ಪ್ರಮಾಣದಿಂದ ತೊಂದರೆಯಿಲ್ಲ.

ಹಾಗಾದರೆ ಕಾಣುವ ಎಳೆಗಳೇನು? ಅದು ಬಿಯರೇ. ಕರಗಿ ಉಳಿದ ಸಕ್ಕರೆ, ಪಿಷ್ಟದ ತುಣುಕುಗಳಿಂದಾಗಿ ಬಿಯರ್ ಸಾಮಾನ್ಯವಾಗಿ ನೀರಿಗಿಂತ ತುಸು ಭಾರ. ಭಾರದ್ದು ಕೆಳಗಿಳಿಯುತ್ತದೆ, ಹಗುರಾದ ನೀರು ಮೇಲೇರುತ್ತದೆ. ಎರಡರಲ್ಲೂ ಬೆಳಕು ಬಾಗುವ ರೀತಿ ಬೇರೆಯಾದ್ದರಿಂದ ಗಡಿಯಲ್ಲಿ ಎಳೆಗಳು ಕಾಣುತ್ತವೆ. ನಂಬಿಕೆ ಬರದಿದ್ದರೆ ಒಂದು ಲೋಟ ನೀರಿಗೆ ಮೆಲ್ಲಗೆ ಸಕ್ಕರೆ ಪಾಕ ಬಿಟ್ಟು ನೋಡಿ. ಅದೇ ಎಳೆಗಳು.

ಅಂದರೆ ಈ ಪ್ರಯೋಗ ಮಾಡಿದವರು ಗ್ಲಿಸರಿನ್ ತೆಗೆದದ್ದಲ್ಲ, ದುಡ್ಡು ಕೊಟ್ಟ ಬಿಯರನ್ನು ಲೋಟಕ್ಕೆ ಬಿಟ್ಟು ಬಾಟಲಿಗೆ ನೀರು ತುಂಬಿಸಿದ್ದು. ಮರುದಿನ ತಲೆನೋವು ಕಡಿಮೆಯಾದರೆ ಅದಕ್ಕೂ ಕಾರಣ ಅದೇ. ಕುಡಿದದ್ದು ಕಡಿಮೆ.

ರುಚಿ ನೋಡುವುದು ಎಂದರೇನು?

ಕಹಿ ಬಿಯರನ್ನು ಮೊದಲ ಸಲ ಕುಡಿದವರು ಉಗಿದುಬಿಡುವುದು ಸಹಜ. ಅದು ದೇಹದ ಬುದ್ಧಿವಂತಿಕೆ. ಪ್ರಕೃತಿಯಲ್ಲಿ ಹಲವು ವಿಷಗಳು ಕಹಿ. ಅದಕ್ಕೇ ಸಿಹಿಯನ್ನು ಗುರುತಿಸಲು ನಾಲಿಗೆಯಲ್ಲಿ ಮುಖ್ಯವಾಗಿ ಒಂದೇ ಬಗೆಯ ಗ್ರಾಹಕ ಇದ್ದರೆ, ಕಹಿಯನ್ನು ಗುರುತಿಸಲು ಸುಮಾರು 25 ಬಗೆಯವು ಇವೆ. ಎಲ್ಲರಲ್ಲೂ ಅವು ಒಂದೇ ತರ ಕೆಲಸ ಮಾಡುವುದಿಲ್ಲ. ಒಬ್ಬರಿಗೆ ಹಾಗಲಕಾಯಿ ಗೊಜ್ಜು ಇಷ್ಟವಾಗಿ ಇನ್ನೊಬ್ಬರು ತಟ್ಟೆ ತಳ್ಳುವುದಕ್ಕೆ ಇದೂ ಒಂದು ಕಾರಣ.

"ಕಹಿ ಗೊತ್ತಾಗುವುದು ನಾಲಿಗೆಯ ಹಿಂಭಾಗದಲ್ಲಿ ಮಾತ್ರ" ಎಂಬ ಚಿತ್ರವನ್ನು ನೀವು ಶಾಲೆಯ ಪುಸ್ತಕದಲ್ಲಿ ನೋಡಿರಬಹುದು. ಅದೂ ತಪ್ಪು. 1901ರ ಒಂದು ಜರ್ಮನ್ ಅಧ್ಯಯನವನ್ನು ಮುಂದೆ ತಪ್ಪಾಗಿ ಅರ್ಥಮಾಡಿಕೊಂಡದ್ದರಿಂದ ಬಂದ ಚಿತ್ರ. ನಾಲಿಗೆಯ ರುಚಿಮೊಗ್ಗು ಇರುವ ಎಲ್ಲ ಕಡೆಯೂ ಎಲ್ಲ ರುಚಿಯೂ ತಿಳಿಯುತ್ತದೆ.

ನಾವು "ರುಚಿ" ಎನ್ನುವುದರ ದೊಡ್ಡ ಭಾಗ ವಾಸನೆ. ನೆಗಡಿಯಾದಾಗ ಪುಂಡಿಪಲ್ಯವೂ ಸಪ್ಪೆ ಎನಿಸುವುದು ಅದಕ್ಕೇ. ರುಚಿ ಪರೀಕ್ಷಿಸುವವರು ಬಿಯರನ್ನು ಬಾಟಲಿಯಿಂದ ಕುಡಿಯದೆ ಗ್ಲಾಸಿಗೆ ಸುರಿದು ಮೊದಲು ಮೂಸುತ್ತಾರೆ. ಒಂದು ಗುಟುಕು ಬಾಯಲ್ಲಿಟ್ಟು ನಿಧಾನ ನುಂಗುತ್ತಾರೆ, ಮೂಗಿನಿಂದ ಉಸಿರು ಬಿಡುತ್ತಾರೆ. ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ವಾಸನೆಯಲ್ಲೇ ಮಾವು, ಕಿತ್ತಳೆ, ಹುಲ್ಲು, ಅಂಟು ಇವೆಲ್ಲ ತಿಳಿಯುವುದು. ಮಾಲ್ಟಿನ ಸಿಹಿ ಮೊದಲು, ಕಹಿ ಆಮೇಲೆ. ನುಂಗಿದ ಮೇಲೂ ಕಹಿ ಉಳಿಯುತ್ತದೆ. ಆಲ್ಕೋಹಾಲ್ ಹೆಚ್ಚಿದ್ದರೆ ಎದೆಯ ಹತ್ತಿರ ಬೆಚ್ಚಗಾಗುತ್ತದೆ. ಯುಗಾದಿಯ ಬೇವು-ಬೆಲ್ಲ ತಿಂದವರಿಗೆ ಸಿಹಿ ಕಹಿಯನ್ನು ಹೇಗೆ ಮುಚ್ಚುತ್ತದೆ ಎಂದು ಹೇಳಿಕೊಡಬೇಕಿಲ್ಲ. ಮಾಲ್ಟ್ ಹೆಚ್ಚಿದ್ದರೆ 60 ಐಬಿಯು ಕೂಡ ಹಿತವಾಗಿರಬಹುದು, ಇಲ್ಲದಿದ್ದರೆ 35 ಕೂಡ ಕಷಾಯ.

ಐಸಿನಂತೆ ತಣ್ಣಗಿದ್ದರೆ ವಾಸನೆಯ ಅಂಶಗಳು ಮೇಲೇಳುವುದೇ ಇಲ್ಲ. "ಚಿಲ್ಡ್ ಇದ್ದಷ್ಟೂ ಒಳ್ಳೆಯ ಬಿಯರ್" ಎಂಬ ಮಾತು ರುಚಿಯ ಲೆಕ್ಕದಲ್ಲಿ ಸರಿಯಲ್ಲ. ಚಳಿ ರುಚಿಯ ದೋಷವನ್ನೂ ಮುಚ್ಚುತ್ತದೆ.

ಇನ್ನು ಜೊತೆಗೆ ಮಿರ್ಚಿ ಭಜಿ. ಖಾರದ ಕ್ಯಾಪ್ಸೈಸಿನ್ ಬಾಯಿಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ಮುಟ್ಟುತ್ತದೆ. ಆಲ್ಕೋಹಾಲ್ ಅದೇ ಗ್ರಾಹಕವನ್ನು ಇನ್ನಷ್ಟು ಸೂಕ್ಷ್ಮ ಮಾಡುತ್ತದೆ. ಹಾಗಾಗಿ ಸ್ಟ್ರಾಂಗ್ ಬಿಯರ್ ಖಾರವನ್ನು ತಣಿಸುವುದಿಲ್ಲ, ಕೆರಳಿಸುತ್ತದೆ. ಖಾರ ಹೆಚ್ಚಾದಷ್ಟೂ ಗುಟುಕು ಹೆಚ್ಚಾಗುತ್ತದೆ, ಗುಟುಕು ಹೆಚ್ಚಾದಷ್ಟೂ ಬಿಲ್ಲು ಹೆಚ್ಚಾಗುತ್ತದೆ. ಖಾರಕ್ಕೆ ಮೊಸರೇ ಮದ್ದು.

ದೂರದಿಂದ ಬಂದ ಹಾಪ್ಸ್ ಬಿಯರಿಗೆ ಇನ್ನೊಂದು ಸಮಸ್ಯೆ ಇದೆ. ಬಿಸಿ ಮತ್ತು ಗಾಳಿ ತಾಗಿದರೆ ಹಾಪ್ಸ್ ಪರಿಮಳ ಬೇಗ ಸಾಯುತ್ತದೆ, ಒದ್ದೆ ರಟ್ಟಿನ ವಾಸನೆ ಬರುತ್ತದೆ. ಬಿಸಿಲು ತಾಗಿದರೆ ಕಹಿಯ ಅಂಶವೇ ಒಡೆದು ಗಂಧಕದ ಕೆಟ್ಟ ನಾತ ಬರುತ್ತದೆ. ಬಿಯರ್ ಬಾಟಲಿಗಳು ಹೆಚ್ಚಾಗಿ ಕಂದು ಬಣ್ಣದವಾಗಿರುವುದು ಈ ಬೆಳಕನ್ನು ತಡೆಯಲೆಂದೇ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಚಿಂಚೋಳಿವರೆಗೆ ಬ್ಯಾಗಿನಲ್ಲಿ ಬಂದ ಐಪಿಎ ಕುಡಿದು "ಇದೇನು ಇಷ್ಟು ಕೆಟ್ಟದಾಗಿದೆ" ಎಂದರೆ ತಪ್ಪು ಪ್ರಯಾಣದ್ದೂ ಇರಬಹುದು.

ಐಪಿಎ ಹೆಸರಿನಲ್ಲಿ 'ಇಂಡಿಯಾ' ಯಾಕೆ?

ಐಪಿಎ ಎಂದರೆ ಇಂಡಿಯಾ ಪೇಲ್ ಏಲ್. ಆದರೆ ಇದು ಹುಟ್ಟಿದ್ದು ಇಂಗ್ಲೆಂಡಿನಲ್ಲಿ. "ಹಡಗಿನಲ್ಲಿ ಭಾರತಕ್ಕೆ ಬರುವಾಗ ಕೆಡದಿರಲೆಂದು ಹಾಪ್ಸ್ ಮತ್ತು ಆಲ್ಕೋಹಾಲ್ ಹೆಚ್ಚಿಸಿ ಲಂಡನ್ನಿನ ಹಾಡ್ಜ್‌ಸನ್ ಕಂಡುಹಿಡಿದ" ಎಂಬ ಕಥೆ ಜನಪ್ರಿಯ. ಇದು ಅರ್ಧ ಸತ್ಯ. ಹಾಪ್ಸ್ ಹುಳಿ ಮಾಡುವ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು ನಿಜ. 18ನೇ ಶತಮಾನದ ಕೊನೆಗೆ ಜಾರ್ಜ್ ಹಾಡ್ಜ್‌ಸನ್‌ನ ಬೋ ಬ್ರೂವರಿಯ ಬಿಯರ್ ಭಾರತಕ್ಕೆ ಬರುತ್ತಿದ್ದುದೂ ನಿಜ. ಆದರೆ ಅವನೇ ಕಂಡುಹಿಡಿದ ಎಂಬುದಕ್ಕೆ ಆಧಾರವಿಲ್ಲ. ಅದೇ ಹಡಗುಗಳಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರೂ ಕೆಡದೆ ಬರುತ್ತಿತ್ತು. ಆ ಕಾಲದ ಐಪಿಎಯಲ್ಲಿ ಆಲ್ಕೋಹಾಲ್ ಅಂದಿನ ಇತರ ಬಿಯರ್‌ಗಳಿಗಿಂತ ವಿಶೇಷವಾಗಿ ಹೆಚ್ಚೂ ಇರಲಿಲ್ಲ.

ನಮ್ಮ ಸೀಮೆಗೆ ಹತ್ತಿರದ ಒಂದು ಸಂಗತಿ ಇಲ್ಲಿದೆ. 19ನೇ ಶತಮಾನದಲ್ಲಿ ಐಪಿಎಗೆ ಹೆಸರಾದ ಊರು ಬರ್ಟನ್-ಅಪಾನ್-ಟ್ರೆಂಟ್. ಕಾರಣ ಅಲ್ಲಿನ ನೀರು. ಅದರಲ್ಲಿ ಜಿಪ್ಸಂ ಹೆಚ್ಚು. ಜಿಪ್ಸಂನ ಸಲ್ಫೇಟ್ ಹಾಪ್ಸ್ ಕಹಿಯನ್ನು ಚುರುಕಾಗಿ, ಸ್ವಚ್ಛವಾಗಿ ತೋರಿಸುತ್ತದೆ. ಈಗ ಬೇರೆ ಊರಿನ ತಯಾರಕರು ನೀರಿಗೆ ಜಿಪ್ಸಂ ಸೇರಿಸಿ ಅದೇ ಗುಣ ತರುತ್ತಾರೆ. ಹೌದು, ವಾಡಿ ಮತ್ತು ಸೇಡಂನ ಸಿಮೆಂಟ್ ಕಾರ್ಖಾನೆಯವರಿಗೆ ಗೊತ್ತಿರುವ ಅದೇ ಖನಿಜ. ಸಿಮೆಂಟ್ ಬೇಗ ಗಟ್ಟಿಯಾಗದಿರಲು ಕ್ಲಿಂಕರ್ ಜೊತೆ ಅರೆಯುತ್ತಾರಲ್ಲ, ಅದೇ. ಬಿಯರಿಗೆ ಹಾಕುವುದು ಆಹಾರ ದರ್ಜೆಯದು, ಲೀಟರಿಗೆ ಗ್ರಾಂಗಿಂತ ಕಡಿಮೆ. "ಬಿಯರಿನಲ್ಲಿ ಸಿಮೆಂಟ್" ಎಂದು ಹೊಸ ಫಾರ್ವರ್ಡ್ ಹುಟ್ಟಿಸಬೇಡಿ.

ಫಾರ್ವರ್ಡ್ 4: "ಬಿಸಿಲಿಗೆ ಬಿಯರ್ ತಂಪು"

ಇದು ಸುಳ್ಳು.

ಕಲಬುರಗಿ ಜಿಲ್ಲೆಯಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 43-44 ಡಿಗ್ರಿ ಮುಟ್ಟುವುದು ಹೊಸದಲ್ಲ. ಶಹಾಬಾದ್ ಕಲ್ಲಿನ ಗಣಿಯಲ್ಲಿ, ಸಿಮೆಂಟ್ ಲೋಡಿಂಗ್‌ನಲ್ಲಿ, ತೊಗರಿ ಹೊಲದಲ್ಲಿ ದುಡಿದು ಬಂದವರಿಗೆ ತಣ್ಣನೆಯ ಬಾಟಲಿ ಹಿತವೆನಿಸುತ್ತದೆ. ಹಿತವೆನಿಸುವುದು ಅದರ ಚಳಿ, ಬಿಯರಲ್ಲ.

ಮೆದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನಿನ ಮೂಲಕ ಕಿಡ್ನಿಗೆ "ನೀರು ಉಳಿಸು" ಎಂದು ಹೇಳುತ್ತಿರುತ್ತದೆ. ಆಲ್ಕೋಹಾಲ್ ಆ ಹಾರ್ಮೋನನ್ನು ತಡೆಯುತ್ತದೆ. ಅದಕ್ಕೇ ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತದೆ. ಬೆವರಿನಲ್ಲಿ ಆಗಲೇ ನೀರು ಕಳೆದುಕೊಂಡ ದೇಹ ಇನ್ನಷ್ಟು ಕಳೆದುಕೊಳ್ಳುತ್ತದೆ. ಜೊತೆಗೆ, ತಲೆ ಸುತ್ತುವಿಕೆ, ವಾಂತಿ, ಗಲಿಬಿಲಿ ಬಂದಾಗ ಅದು ಬಿಸಿಲ ಹೊಡೆತವೋ ನಶೆಯೋ ಎಂದು ಸುತ್ತಲಿನವರಿಗೆ ಗೊತ್ತಾಗುವುದಿಲ್ಲ. "ಕುಡಿದು ಮಲಗಿದ್ದಾನೆ ಬಿಡಿ" ಎಂದು ಬಿಟ್ಟರೆ ಜೀವ ಹೋಗಬಹುದು. ಬಿಸಿಗಾಳಿಯ ದಿನಗಳಲ್ಲಿ ಮದ್ಯ ಬೇಡ ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಹೇಳುವುದು ಇದೇ ಕಾರಣಕ್ಕೆ. ನೀರು, ಮಜ್ಜಿಗೆ, ಲಿಂಬು ಶರಬತ್ತು, ಒಆರ್‌ಎಸ್ ಕುಡಿಯಿರಿ. ಮೈ ಕೆಂಡದಂತೆ ಸುಟ್ಟು ಮಾತು ತೊದಲಿದರೆ ನೆರಳಿಗೆ ತಂದು, ಮೈಗೆ ನೀರು ಹಾಕುತ್ತಾ 108ಕ್ಕೆ ಕರೆ ಮಾಡಿ.

ಫಾರ್ವರ್ಡ್ 5: "ಬಿಯರ್ ಕುಡಿದರೆ ಕಿಡ್ನಿ ಕಲ್ಲು ಕರಗುತ್ತದೆ"

ಎಲ್ಲಕ್ಕಿಂತ ಹೆಚ್ಚು ಹರಡಿರುವುದು ಇದೇ, ಹೆಚ್ಚು ಜನರಿಗೆ ತೊಂದರೆ ಕೊಡುವುದೂ ಇದೇ.

ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್. ಇದನ್ನು ಕರಗಿಸುವ ಯಾವ ಅಂಶವೂ ಬಿಯರಿನಲ್ಲಿ ಇಲ್ಲ. ಹಾಪ್ಸ್ ಕಹಿಗೂ ಆ ಶಕ್ತಿ ಇಲ್ಲ. ಕಹಿಯಾದದ್ದೆಲ್ಲ ಔಷಧಿಯಲ್ಲ. ಯೂರಿಕ್ ಆಮ್ಲದ ಕಲ್ಲು ಮಾತ್ರ ಕರಗಬಲ್ಲದು. ಅದೂ ಮೂತ್ರದ ಆಮ್ಲತೆ ಇಳಿಸುವ ಔಷಧಿಯಿಂದ, ವೈದ್ಯರ ನಿಗಾದಲ್ಲಿ. ಬಿಯರ್ ಇಲ್ಲಿ ಉಲ್ಟಾ ಕೆಲಸ ಮಾಡುತ್ತದೆ. ಅದರಲ್ಲಿರುವ ಪ್ಯೂರಿನ್ ಮತ್ತು ಆಲ್ಕೋಹಾಲ್ ಎರಡೂ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತವೆ.

ಹಾಗಾದರೆ "ನಮ್ಮ ಮಾವನಿಗೆ ಹೋಯಿತಲ್ಲ" ಎನ್ನುವವರು ಸುಳ್ಳು ಹೇಳುತ್ತಿದ್ದಾರೆಯೇ? ಇಲ್ಲ. 5 ಮಿ.ಮೀ.ಗಿಂತ ಚಿಕ್ಕ ಕಲ್ಲುಗಳಲ್ಲಿ ಹೆಚ್ಚಿನವು ತಾವಾಗಿಯೇ ಮೂತ್ರದಲ್ಲಿ ಹೋಗಿಬಿಡುತ್ತವೆ. ಆ ವಾರ ಬಿಯರ್ ಕುಡಿದಿದ್ದರೆ ಹೆಸರು ಬಿಯರಿಗೆ, ಬಾಳೆದಿಂಡಿನ ರಸ ಕುಡಿದಿದ್ದರೆ ಹೆಸರು ಬಾಳೆದಿಂಡಿಗೆ. ಮಳೆಗಾಗಿ ಕತ್ತೆಗಳ ಮದುವೆ ಮಾಡಿ, ಮುಂಗಾರು ಬಂದಾಗ ಕತ್ತೆಗೆ ಕೈಮುಗಿದಂತೆ. 10 ಮಿ.ಮೀ.ಗಿಂತ ದೊಡ್ಡ ಕಲ್ಲು ತಾನಾಗಿ ಹೋಗುವುದು ಅಪರೂಪ. ಮತ್ತೆ, ಕಲ್ಲು ನಾಳದಲ್ಲಿ ಸಿಕ್ಕಿಕೊಂಡಿರುವಾಗ ಮೂತ್ರ ಜೋರಾಗಿ ಉತ್ಪತ್ತಿಯಾದರೆ ಕಿಡ್ನಿ ಊದಿಕೊಂಡು ನೋವು ಹೆಚ್ಚಾಗಬಹುದು.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಅಮೆರಿಕ ಮತ್ತು ಫಿನ್ಲೆಂಡಿನಲ್ಲಿ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಬಿಯರ್ ಕುಡಿಯುವವರಿಗೆ ಹೊಸ ಕಲ್ಲು ಆಗುವುದು ತುಸು ಕಡಿಮೆ ಎಂದು ಕಂಡಿದೆ. ಫಾರ್ವರ್ಡುಗಳು ಇದನ್ನೇ ಹಿಡಿದುಕೊಳ್ಳುತ್ತವೆ. ಆದರೆ ಅದು ಹೊಸ ಕಲ್ಲು ಆಗುವುದರ ಬಗ್ಗೆ, ಇರುವ ಕಲ್ಲು ಕರಗುವುದರ ಬಗ್ಗೆ ಅಲ್ಲ. ಇಂಥ ಅಧ್ಯಯನ ಸಂಬಂಧ ತೋರಿಸುತ್ತದೆ, ಕಾರಣ ಸಾಬೀತು ಮಾಡುವುದಿಲ್ಲ. ಹೆಚ್ಚು ದ್ರವ ಕುಡಿದರೆ ಮೂತ್ರ ತೆಳುವಾಗುತ್ತದೆ, ಕಲ್ಲು ಕಡಿಮೆಯಾಗುತ್ತದೆ. ಆ ಕೆಲಸ ನೀರು ಪುಕ್ಕಟೆಯಾಗಿ ಮಾಡುತ್ತದೆ, ಯಕೃತ್ತಿಗೆ ಏನೂ ಮಾಡದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯಪಾನವನ್ನು ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಒಂದು ಕಲ್ಲು ತಪ್ಪಿಸಲು ಅದನ್ನು ಔಷಧಿ ಎಂದು ಕುಡಿಯುವುದು ಒಳ್ಳೆಯ ವ್ಯಾಪಾರವಲ್ಲ.

ಗಡಸು ನೀರಿನ ಕಥೆ ಏನು? ಸೇಡಂನಿಂದ ಶಹಾಬಾದ್‌ವರೆಗಿನ ಸುಣ್ಣದಕಲ್ಲಿನ ಪ್ರದೇಶದಲ್ಲಿ ಬೋರ್‌ವೆಲ್ ನೀರು ಗಡಸಾಗಿರುವುದು, ಪಾತ್ರೆಗೆ ಬಿಳಿ ಪದರ ಕಟ್ಟುವುದು ಎಲ್ಲರೂ ನೋಡಿರುವುದೇ. ಪಾತ್ರೆಯಲ್ಲಿ ಕಟ್ಟಿದ್ದು ಕಿಡ್ನಿಯಲ್ಲೂ ಕಟ್ಟುತ್ತದೆ ಎಂಬುದು ಸಹಜ ಊಹೆ. ಆದರೆ ಪಾತ್ರೆಯದ್ದು ಕ್ಯಾಲ್ಸಿಯಂ ಕಾರ್ಬೊನೇಟ್, ಕಿಡ್ನಿಯದ್ದು ಹೆಚ್ಚಾಗಿ ಕ್ಯಾಲ್ಸಿಯಂ ಆಕ್ಸಲೇಟ್. ಆಹಾರದ ಕ್ಯಾಲ್ಸಿಯಂ ಕರುಳಿನಲ್ಲಿ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ ಕೂಡ. ಗಡಸು ನೀರೇ ಕಲ್ಲಿಗೆ ಕಾರಣ ಎಂದು ಅಧ್ಯಯನಗಳು ಒಮ್ಮತದಿಂದ ಹೇಳಿಲ್ಲ. ಬಿಸಿಲಿನಲ್ಲಿ ಬೆವರಿ, ಕಡಿಮೆ ನೀರು ಕುಡಿಯುವುದು ಮಾತ್ರ ಖಚಿತವಾದ ಕಾರಣ. ಗಡಸು ನೀರಿಗೆ ಹೆದರಿ ನೀರನ್ನೇ ಕಡಿಮೆ ಮಾಡಿದರೆ ಕಲ್ಲನ್ನು ಕರೆದು ಕೂರಿಸಿದಂತೆ.

ಕಲ್ಲು ತಡೆಯಲು ವೈದ್ಯರು ಹೇಳುವುದು ಇಷ್ಟು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಿರಿ. ಬಿಸಿಲಿನಲ್ಲಿ ದುಡಿಯುವವರಿಗೆ ಇನ್ನೂ ಹೆಚ್ಚು ಬೇಕು. ಮೂತ್ರ ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಸಾಲದು. ಲಿಂಬೆರಸದ ಸಿಟ್ರೇಟ್ ಸಹಾಯ ಮಾಡುತ್ತದೆ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ. ಹಾಲು ಮೊಸರು ಬಿಡಬೇಡಿ. ಹೃದಯ ಅಥವಾ ಕಿಡ್ನಿ ಕಾಯಿಲೆ ಇದ್ದವರು ಎಷ್ಟು ನೀರು ಎಂಬುದನ್ನು ವೈದ್ಯರನ್ನೇ ಕೇಳಿ.

ಬೆನ್ನಿನ ಪಕ್ಕದಿಂದ ತೊಡೆಸಂದಿವರೆಗೆ ಹೊರಳಾಡಿಸುವ ನೋವು ಬಂದರೆ ವೈನ್‌ಶಾಪ್ ಕಡೆ ಹೋಗಬೇಡಿ. ತಾಲ್ಲೂಕು ಆಸ್ಪತ್ರೆಗೆ ಹೋಗಿ, ಸ್ಕ್ಯಾನ್ ಮಾಡಿಸಿ ಕಲ್ಲಿನ ಗಾತ್ರ ತಿಳಿಯಿರಿ. ನೋವಿನ ಜೊತೆ ಚಳಿಜ್ವರ, ನಿಲ್ಲದ ವಾಂತಿ, ಮೂತ್ರ ಪೂರ್ತಿ ನಿಂತುಹೋಗುವುದು, ಇವುಗಳಲ್ಲಿ ಒಂದಿದ್ದರೂ ಅದೇ ದಿನ ಹೋಗಬೇಕು. ಸೋಂಕು ತಗುಲಿದ ಕಿಡ್ನಿಯಲ್ಲಿ ಕಲ್ಲು ಅಡ್ಡ ನಿಂತರೆ ಗಂಟೆಗಳ ಲೆಕ್ಕದಲ್ಲಿ ಜೀವಕ್ಕೆ ಅಪಾಯ. "ಇನ್ನೂ ಎರಡು ಬಾಟಲಿ ನೋಡೋಣ" ಎಂದು ಕಳೆದ ಎರಡು ದಿನ ಕಿಡ್ನಿಯನ್ನೇ ಕಳೆಯಬಹುದು.

ಒಟ್ಟಿನಲ್ಲಿ ಹೇಳುವುದಾದರೆ

ಕಹಿ ಹೆಚ್ಚಿದ್ದರೆ ಸ್ಟ್ರಾಂಗ್: ಸುಳ್ಳು. ಲೇಬಲ್‌ನಲ್ಲಿ ಶೇಕಡಾವಾರು ಮತ್ತು ಮಿ.ಲೀ. ಎರಡನ್ನೂ ನೋಡಿ.
ಬಿಯರ್ ಕುಡಿದು ಗಾಡಿ ಓಡಿಸಬಹುದು: ಸುಳ್ಳು. ಒಂದು ದೊಡ್ಡ ಸ್ಟ್ರಾಂಗ್ ಬಾಟಲಿ ನೈಂಟಿಗಿಂತ ಹೆಚ್ಚು.
ಬಾಟಲಿ ಬೋರಲು ಹಾಕಿದರೆ ಗ್ಲಿಸರಿನ್ ಹೋಗುತ್ತದೆ: ಸುಳ್ಳು. ಹೋಗುವುದು ಬಿಯರ್.
ಬಿಸಿಲಿಗೆ ತಂಪು: ಸುಳ್ಳು. ದೇಹದ ನೀರು ಇನ್ನಷ್ಟು ಕಳೆಯುತ್ತದೆ.
ಕಿಡ್ನಿ ಕಲ್ಲು ಕರಗುತ್ತದೆ: ಸುಳ್ಳು. ಕಲ್ಲಿಗೆ ನೀರು ಮತ್ತು ವೈದ್ಯರು.

ಕುಡಿತ ಕೈಮೀರುತ್ತಿದೆ ಎನಿಸಿದರೆ, ನಿಮ್ಮದಾಗಲಿ ಮನೆಯವರದ್ದಾಗಲಿ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಗ್ರೂಪಿನಲ್ಲಿ ಮತ್ತೆ "ಕಲ್ಲಿಗೆ ಬಿಯರ್" ಫಾರ್ವರ್ಡ್ ಬಂದರೆ ಜಗಳ ಮಾಡಬೇಡಿ. "ಕಲ್ಲು ಎಷ್ಟು ಮಿ.ಮೀ. ಇತ್ತು? ಸ್ಕ್ಯಾನ್ ಮಾಡಿಸಿದ್ದರಾ?" ಎಂದು ಕೇಳಿ. ಹೆಚ್ಚಿನ ಫಾರ್ವರ್ಡುಗಳು ಆ ಪ್ರಶ್ನೆ ದಾಟುವುದಿಲ್ಲ.